ಅಕ್ಕನ ನಾಮಪದಗಳು

ನನ್ನ ಅಕ್ಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಳು. ಹರಿಹರದ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲೇ ಅವಳ ಇಡೀ ನೌಕರಿ ಕಳೆಯಿತು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವಳು. ಭಾನುವಳ್ಳಿಯ ನಮ್ಮ ಮನೆಯಲ್ಲಿ ನಾನು ಎಬಿಸಿಡಿ ತಿದ್ದುವ ಹೊತ್ತಿಗೆ ಅವಳು ಬಸ್ಸು ಹಿಡಿದು ಹರಿಹರದ ಕಾಲೇಜಿಗೆ ಹೋಗಿಬರುತ್ತಿದ್ದಳು. ಸಂಜೆ ಬಂದವಳೇ ಕೈಕಾಲು ತೊಳೆದು, ಅವ್ವ ಕೊಟ್ಟ ಚಹಾ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು, "ಬಾರೇ ಇಲ್ಲಿ" ಎಂದು ನನ್ನನ್ನು ಕರೆಯುತ್ತಿದ್ದಳು. ಅಂದು ತಾನು ಕಲಿತದ್ದರಲ್ಲಿ ನನಗೆ ದಕ್ಕುವಷ್ಟನ್ನು ನನಗೂ ದಾಟಿಸದೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಹಾಗೆ ದಾಟಿಸಿದ್ದರಲ್ಲಿ ನನಗೆ ಇವತ್ತಿಗೂ ನೆನಪಿರುವುದು, ಇಂಗ್ಲಿಷ್ ಪದವೊಂದನ್ನು ನೋಡಿ ಅದು ನಾಮಪದವೋ, ಕ್ರಿಯಾಪದವೋ, ಗುಣವಾಚಕವೋ ಎಂದು ಹೇಳುವ ವಿದ್ಯೆ.

ನಮ್ಮ ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಿದ್ದರು. ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು ನಾಮಪದ. ಕೆಲಸವನ್ನು ಸೂಚಿಸುವುದು ಕ್ರಿಯಾಪದ. ಅಕ್ಕನಿಗೆ ಅಷ್ಟು ಸಾಲದು. "ಕೆಲಸ ಅನ್ನೋದೇ ಒಂದು ಹೆಸರಲ್ಲೇನೇ?" ಎಂದು ಕೇಳಿ ನನ್ನನ್ನು ಸುಸ್ತು ಮಾಡುತ್ತಿದ್ದಳು. ಆಮೇಲೆ ತನ್ನದೇ ದಾರಿ ಹೇಳಿಕೊಟ್ಟಳು. "ಪದದ ಮುಂದೆ 'ದಿ' ಇಟ್ಟು ನೋಡು. ಕೂಡ್ತೈತೇನು? ಹಂಗಾದ್ರೆ ನಾಮಪದ. 'ವಿಲ್' ಇಟ್ಟು ನೋಡು, ಕೂಡಿದ್ರೆ ಕ್ರಿಯಾಪದ. 'ವೆರಿ' ಕೂಡಿದ್ರೆ ಗುಣವಾಚಕ." ನಾನು ಕಂಡಕಂಡ ಪದಕ್ಕೆಲ್ಲ ಇವನ್ನು ಅಂಟಿಸಿಕೊಂಡು ಮನೆ ತುಂಬ ಓಡಾಡಿದೆ. ದಿ ಬಫೆಲೊ. ವಿಲ್ ಈಟ್. ವೆರಿ ಬ್ಲ್ಯಾಕ್. ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಅವ್ವ, "ಏನೇ ಇದು, ಮಂತ್ರ ಹೇಳ್ದಂಗೆ" ಎಂದು ನಗುತ್ತಿದ್ದಳು.

ಒಂದು ಸಂಜೆ ಈ ಮಂತ್ರ ಕೈಕೊಟ್ಟಿತು. 'ಪ್ಲಾಂಟ್' ಎನ್ನುವ ಪದಕ್ಕೆ 'ದಿ'ಯೂ ಕೂಡಿತು, 'ವಿಲ್' ಕೂಡ ಕೂಡಿತು. ದಿ ಪ್ಲಾಂಟ್ ಎಂದರೆ ಗಿಡ. ವಿಲ್ ಪ್ಲಾಂಟ್ ಎಂದರೆ ನೆಡುತ್ತೇನೆ. ಅಳುಮುಖ ಮಾಡಿಕೊಂಡು ಅಕ್ಕನ ಹತ್ತಿರ ಹೋದೆ.

"ಅಕ್ಕಾ, ಇದು ಎರಡೂ ಆಗ್ತೈತೆ. ಯಾವುದು ಅಂತ ಬರೀಲಿ?"

ಅಕ್ಕ ಚಹಾದ ಲೋಟ ಕೆಳಗಿಟ್ಟಳು. ನಾನೇನೋ ದೊಡ್ಡ ವಸ್ತು ಹುಡುಕಿ ತಂದಿರುವಂತೆ ಅವಳ ಮುಖ ಅರಳಿತು. "ಪದನ ಹಿಡ್ಕೊಂಡು ನೀನು ಯಾರು ಅಂತ ಕೇಳಬ್ಯಾಡ. ಅದಕ್ಕೇ ಗೊತ್ತಿರಲ್ಲ. ವಾಕ್ಯದಾಗ ಕೂಡ್ರಿಸಿ, ಅಲ್ಲಿ ಏನು ಮಾಡ್ತೈತೆ ನೋಡು" ಎಂದಳು.

ಮುಂದೆ ಇದೇ ನನ್ನ ಕೈಹಿಡಿಯಿತು. ಮದುವೆಯಾಗಿ ದಾವಣಗೆರೆಯ ದೇವರಾಜ ಅರಸು ಬಡಾವಣೆಗೆ ಬಂದ ಮೇಲೆ ಮನೆಯ ಹಾಲಿನಲ್ಲೇ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಶುರುಮಾಡಿದೆ. ಇವತ್ತಿಗೂ ಸಂಜೆಯಾದರೆ ಬಾಗಿಲಲ್ಲಿ ಪುಟ್ಟ ಚಪ್ಪಲಿಗಳ ರಾಶಿ ಬೀಳುತ್ತದೆ. ಅಕ್ಕ ಹೇಳಿಕೊಟ್ಟದ್ದನ್ನೇ ಹೇಳಿಕೊಡುತ್ತೇನೆ. ಆದರೂ ಒಂದು ಮಾತು ಹೇಳಬೇಕು. ನಾಮಪದ, ಕ್ರಿಯಾಪದ ಎನ್ನುವುದು ವ್ಯಾಕರಣ ಬರೆದವರು ತಮ್ಮ ಅನುಕೂಲಕ್ಕೆ ಹಾಕಿಕೊಂಡ ಗೆರೆ ಎಂದೇ ನಾನು ತಿಳಿದಿದ್ದೆ. ಆ ಗೆರೆ ಮನುಷ್ಯನ ತಲೆಯೊಳಗೂ ಇದೆ ಎಂದು ನನಗೆ ಗೊತ್ತಾದದ್ದು ಅಕ್ಕ ಕಾಯಿಲೆ ಬಿದ್ದ ಮೇಲೆ.

ಅಕ್ಕ ನಿವೃತ್ತಳಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹರಿಹರದ ಮನೆಯಲ್ಲಿ ಒಂದು ಬೆಳಿಗ್ಗೆ ಅವಳು ಚಪಾತಿ ಲಟ್ಟಿಸುತ್ತಿದ್ದಳಂತೆ, ಭಾವ ಹೊರಗೆ ಪೇಪರ್ ಓದುತ್ತಿದ್ದರಂತೆ. "ಬರ್ರಿ, ಬರ್ರಿ ಇಲ್ಲಿ" ಎಂದು ಅಡಿಗೆಮನೆಯಿಂದ ಕೂಗಿದಳು. ಭಾವ ಹೋಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ ನಿಂತಿದ್ದಾಳೆ, ಬಲಗೈ ಜೋತುಬಿದ್ದಿದೆ, ಲಟ್ಟಣಿಗೆ ನೆಲದ ಮೇಲೆ ಉರುಳುತ್ತಿದೆ. "ಬಿತ್ತು... ಅದು... ಬಿತ್ತು" ಎಂದಷ್ಟೇ ಹೇಳುತ್ತಿದ್ದಾಳೆ. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ತಂದರು. ನಾನು ಓಡಿಹೋಗುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

ಒಳ್ಳೆಯದೇ ಆಯಿತು. ಕೆಲವೇ ದಿನಗಳಲ್ಲಿ ಬಲಗೈಗೆ ಶಕ್ತಿ ಬಂತು, ಎದ್ದು ಓಡಾಡಿದಳು. ನನ್ನನ್ನು ಕಂಡ ಕೂಡಲೇ "ಬಂದ್ಯಾ? ಕೂಡು" ಎಂದಳು. ಭಾವನಿಗೆ "ಉಂಡ್ರೇನು? ಹೋಗ್ರಿ, ಮಲಕ್ಕೊಳ್ರಿ" ಎಂದು ಗದರಿದಳು. ಮಾತು ಉಳಿಯಿತಲ್ಲ ಎಂದು ನಾವು ಹಿಗ್ಗಿದೆವು. ಆಮೇಲೆ ಅವಳು ಕಾಲ ಕಡೆ ಕೈತೋರಿಸಿ, "ಕೊಡು. ಅದು... ಹೊದ್ಕೊಳೋದು... ಕೊಡು" ಎಂದಳು.

"ಹೊದಿಕೆನಾ ಅಕ್ಕಾ?"

"ಹ್ಞೂಂ. ಅದೇ. ಹೊದ್ಕೊಳೋದು."

ಸುಸ್ತಿಗೆ ಹೀಗಾಗಿರಬೇಕು ಅಂದುಕೊಂಡೆ. ಮಧ್ಯಾಹ್ನ ಡಾಕ್ಟರು ಬಂದು ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದರು. ಇದೇನು ಎಂದರೆ "ಬರೆಯೋದು" ಎಂದಳು. ಕೈಗಡಿಯಾರ ತೋರಿಸಿದರು. "ಓಡ್ತೈತಲ್ಲ... ನೋಡ್ತಾರಲ್ಲ..." ಎಂದು ತಡವರಿಸಿದಳು. ಅದು ಏನೆಂದು ಅವಳಿಗೆ ಗೊತ್ತಿತ್ತು, ಅದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಡಾಕ್ಟರು ಭಾವನ ಕಡೆ ತೋರಿಸಿ, "ಇವರು ಯಾರಮ್ಮ?" ಎಂದು ಕೇಳಿದರು. ಅಕ್ಕ ಭಾವನನ್ನು ಬಹಳ ಹೊತ್ತು ನೋಡಿದಳು. ಗಂಡ ಎನ್ನಲಿಲ್ಲ, ಯಜಮಾನರು ಎನ್ನಲಿಲ್ಲ.

"ನಗಿಸ್ತಾರೆ" ಎಂದಳು.

ಭಾವ ಕಿಟಕಿಯ ಕಡೆ ತಿರುಗಿ ನಿಂತರು. ನಿಜ, ನಮ್ಮ ಭಾವ ಜೀವಮಾನವಿಡೀ ಮಾಡಿದ್ದು ಅದನ್ನೇ. ಸಾವಿನ ಮನೆಯಿಂದ ವಾಪಸು ಬರುವಾಗಲೂ ಬಸ್ಸಿನಲ್ಲಿ ಅಕ್ಕನನ್ನು ನಗಿಸಿದ ಮನುಷ್ಯ ಅವರು.

ಡಾಕ್ಟರು ಇಂಗ್ಲಿಷಿನಲ್ಲಿ ಅವಳ ಉದ್ಯೋಗ ಕೇಳಿದರು. "ಐ ಟಾಟ್" ಎಂದಳು ಅಕ್ಕ. ಹಾಗಾದರೆ ನೀವು ಯಾರಾಗಿದ್ದಿರಿ ಎಂದು ಕೇಳಿದರು. "ಐ ಟೀಚ್... ಐ ಟಾಟ್..." ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಇಡೀ ಆಯುಷ್ಯ ಮಕ್ಕಳ ಬಾಯಲ್ಲಿ ದಿನವೂ ಕೇಳಿದ ಆ ಒಂದು ಪದ ಅವಳಿಗೆ ಸಿಗಲಿಲ್ಲ.

ಮಾತಿನ ಚಿಕಿತ್ಸೆ ಕೊಡುವ ಹೆಣ್ಣುಮಗಳೊಬ್ಬಳು ಎಸ್.ಎಸ್. ಬಡಾವಣೆಯಲ್ಲಿದ್ದಾಳೆಂದು ಆಸ್ಪತ್ರೆಯವರೇ ತಿಳಿಸಿದರು. ಹರಿಹರದಿಂದ ಅಡ್ಡಾಡುವುದಕ್ಕಿಂತ ನಮ್ಮ ಮನೆಯಲ್ಲೇ ಇರಲಿ ಎಂದು ಅಕ್ಕನನ್ನು ಕರೆತಂದೆ. ಭಾವ ಮನೆ, ಹಿತ್ತಲು ನೋಡಿಕೊಳ್ಳುತ್ತ ಅಲ್ಲೇ ಉಳಿದರು. ಭಾನುವಾರ ಬಂದು ಹೋಗುತ್ತಿದ್ದರು.

ಆ ಹೆಣ್ಣುಮಗಳು ಚಿತ್ರದ ಕಾರ್ಡುಗಳನ್ನು ಮೇಜಿನ ಮೇಲೆ ಹರಡುತ್ತಿದ್ದಳು. ಕತ್ತರಿ, ಬೆಕ್ಕು, ಛತ್ರಿ, ಬೀಗ. ಅಕ್ಕ ಒಂದೊಂದನ್ನೂ ನೋಡಿ ಅದು ಏನು ಮಾಡುತ್ತದೆಂದು ಹೇಳುತ್ತಿದ್ದಳು. ಕತ್ತರಿಸೋದು. ನೆಕ್ಕತೈತೆ, ಜಿಗೀತೈತೆ. ಹಿಡ್ಕೊಳೋದು, ಮಡಚೋದು. ಇಂಗ್ಲಿಷಿನಲ್ಲಿ ಕೇಳಿದರೂ ಅದೇ. ಅದೇ ಹೊತ್ತಿಗೆ, ಹುಡುಗಿ ಓಡುತ್ತಿರುವ ಚಿತ್ರ ತೋರಿಸಿದರೆ ಥಟ್ಟನೆ "ರನ್ನಿಂಗ್" ಎನ್ನುತ್ತಿದ್ದಳು. ಅಜ್ಜ ನಗುತ್ತಿರುವ ಚಿತ್ರಕ್ಕೆ "ಲಾಫಿಂಗ್". ಎಲ್ಲಿಯೂ ತೊಡರಲಿಲ್ಲ.

ಮೂರ್ನಾಲ್ಕು ಸಲ ಹೋದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು.

"ನಿಮ್ಮ ಅಕ್ಕಗೆ ಕ್ರಿಯಾಪದ ಎಲ್ಲ ಅದಾವ್ರಿ. ನಾಮಪದಕ್ಕೇ ಪೆಟ್ಟು ಬಿದ್ದೈತೆ."

ನಾನು ಅವಳ ಮುಖವನ್ನೇ ನೋಡಿದೆ. "ಹಂಗೆ ಬೇರೆ ಬೇರೆ ಹೋಗೋಕೆ ಬರ್ತೈತೇನ್ರಿ?"

"ಬರ್ತೈತ್ರಿ. ಕೆಲವರಿಗೆ ಹೆಸರು ಹೋಗ್ತಾವು, ಕೆಲವರಿಗೆ ಕ್ರಿಯೆ ಹೋಗ್ತಾವು. ತಲೆಯೊಳಗೆ ಎರಡೂ ಒಂದೇ ಕಡೆ ಇರಂಗಿಲ್ಲ ಅಂತ ಕಾಣ್ತೈತೆ. ಯಾಕ ಹಂಗೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ."

ಅಂದು ಆಟೋದಲ್ಲಿ ಮನೆಗೆ ಬರುವಾಗ ಪಕ್ಕದಲ್ಲಿ ಕೂತಿದ್ದ ಅಕ್ಕನ ತಲೆಯನ್ನು ಕದ್ದು ಕದ್ದು ನೋಡುತ್ತಿದ್ದೆ. ನೀಟಾಗಿ ಬಾಚಿದ ನರೆಗೂದಲು, ಅದರ ಕೆಳಗೆ ಒಂದಿಷ್ಟು ಎಲುಬು. ಅದರೊಳಗೆ ಯಾರೂ ಕಲಿಸದೆ, ಯಾವ ಪುಸ್ತಕವೂ ಹೇಳದೆ, ಪದಗಳು ತಮ್ಮ ತಮ್ಮ ಜಾತಿ ನೋಡಿಕೊಂಡು ಬೇರೆ ಬೇರೆ ಓಣಿಗಳಲ್ಲಿ ಮನೆ ಮಾಡಿಕೊಂಡಿದ್ದವು. ಆ ಓಣಿಗಳ ಪೈಕಿ ಒಂದರಲ್ಲಿ ಮಾತ್ರ ದೀಪ ಹೋಗಿತ್ತು.

ಗುಣವಾಚಕಗಳೂ ಉಳಿದಿದ್ದವು. ಅದು ಗೊತ್ತಾದದ್ದು ಅಡಿಗೆಮನೆಯಲ್ಲಿ. "ಗರಿಗರಿ ಕೊಡೇ" ಎಂದರೆ ಮಂಡಕ್ಕಿ. ಸಾರಿಗೆ ಏನೋ ಕಡಿಮೆಯಾಗಿದೆ ಎಂದು "ಹಳದಿ... ದುಂಡಗೆ... ಹಿಂಡು" ಎಂದರೆ ನಿಂಬೆಹಣ್ಣು. ಭಾನುವಾರ ಭಾವ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರೆ, ಪೊಟ್ಟಣ ಬಿಚ್ಚುವ ಮೊದಲೇ ಮೂಗರಳಿಸಿ "ಮೆತ್ತಗೆ! ಬಿಸಿ! ತಿನ್ನೋಣ ಬರ್ರಿ" ಎನ್ನುತ್ತಿದ್ದಳು. ನಗು ಬರುತ್ತಿತ್ತು, ನಗುತ್ತಲೂ ಇದ್ದೆವು. ಅವಳಿಗೆ ಮಾತ್ರ ಕೆಲವು ಸಲ ಸಿಟ್ಟು ಬಂದು ತೊಡೆ ಬಡಿದುಕೊಳ್ಳುತ್ತಿದ್ದಳು. ಪಕ್ಕದ ಮನೆಯಾಕೆ ಒಮ್ಮೆ ಕಾಂಪೌಂಡಿನ ಆಚೆಯಿಂದ, "ನಿಮ್ಮಕ್ಕಗೆ ಬುದ್ಧಿ ಸ್ಥಿಮಿತ ಐತೇನ್ರಿ?" ಎಂದು ಪಿಸುಗುಟ್ಟಿದಳು. ನಮ್ಮೆಲ್ಲರಿಗಿಂತ ಚೆನ್ನಾಗೈತ್ರಿ ಎಂದು ಹೇಳಿ ಒಳಗೆ ಬಂದೆ.

ಇನ್ನು ಒಂದು ಬೆಳಗಿನ ಮಾತು. ಹಿಂದಿನ ದಿನ ಚಿಕಿತ್ಸೆಯಲ್ಲಿ ಅಕ್ಕ ಅತ್ತಿದ್ದಳು. ನೀರು ತುಂಬಿದ ಗಾಜಿನ ಲೋಟದ ಚಿತ್ರ. "ಕುಡಿಯೋದು... ಹರಿಯೋದು... ಡ್ರಿಂಕ್..." ಎಂದು ಎಷ್ಟು ತಿಣುಕಿದರೂ ಕನ್ನಡದ ನೀರೂ ಬರಲಿಲ್ಲ, ಇಂಗ್ಲಿಷಿನ ವಾಟರೂ ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಪೈಪು ಹಿಡಿದು ನಿಂತಿದ್ದೆ. ಯಾರದೋ ಫೋನು ಬಂದು ಗಿಡಗಳ ಕಡೆ ಗಮನವಿರಲಿಲ್ಲ. ಪೈಪಿನ ನೀರೆಲ್ಲ ಕಲ್ಲಿನ ಮೇಲೆ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತಿದ್ದ ಅಕ್ಕ ನನ್ನ ಟ್ಯೂಷನ್ ಮಕ್ಕಳ ಜೊತೆ ಮಾತಾಡುವ ಧಾಟಿಯಲ್ಲಿ, ಇಂಗ್ಲಿಷಿನಲ್ಲಿ ಗದರಿದಳು.

"ವಾಟರ್ ದೆಮ್! ವಾಟರ್ ದೆಮ್ ವೆಲ್!"

ನಾನು ಫೋನು ಇಟ್ಟುಬಿಟ್ಟೆ. "ಏನಂದಿ ಅಕ್ಕಾ?"

"ವಾಟರ್ ದೆಮ್" ಎಂದಳು, ನೀರು ಹಾಕು ಎನ್ನುವಂತೆ ಮಲ್ಲಿಗೆ ಗಿಡಗಳ ಕಡೆ ಕೈತೋರಿಸಿ. ಅವಳಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಪೈಪು ಎಸೆದು ಒಳಗೆ ಓಡಿದೆ. ಗಾಜಿನ ಲೋಟದಲ್ಲಿ ನೀರು ತುಂಬಿಕೊಂಡು ಬಂದು ಅವಳ ಮುಂದೆ ಹಿಡಿದೆ. "ಅಕ್ಕಾ, ಇದೇನು? ಇಂಗ್ಲಿಷ್‌ನಾಗೇ ಹೇಳು." ಅಕ್ಕ ಲೋಟ ನೋಡಿದಳು. ಹುಬ್ಬು ಗಂಟಿಕ್ಕಿದಳು. ತುಟಿ ಅಲುಗಿತು. "ಡ್ರಿಂಕ್... ಕುಡಿಯೋದು..." ಮತ್ತೆ ಅದೇ. ನಾನು ಲೋಟವನ್ನು ಗಿಡದ ಬುಡದ ಮೇಲೆ ಬಗ್ಗಿಸಿ, "ನಾನೀಗ ಏನು ಮಾಡ್ತಿದೀನಿ?" ಎಂದೆ.

"ಯು ಆರ್ ವಾಟರಿಂಗ್ ಇಟ್."

ಅದೇ ಅಕ್ಷರ, ಅದೇ ಉಚ್ಚಾರ, ಅದೇ ಬಾಯಿ. ಕ್ರಿಯಾಪದವಾಗಿ ಕೇಳಿದರೆ ಥಟ್ಟನೆ ಸಿಗುವ ಪದ, ನಾಮಪದವಾಗಿ ಕೇಳಿದರೆ ಮಾಯ. ಕಾಗದದ ಮೇಲೆ ವಾಟರ್ ಒಂದೇ ಪದ. ಅಕ್ಕನ ತಲೆಯೊಳಗೆ ಅದು ಎರಡು, ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು. ಹಾಗಾದರೆ ನನ್ನ ತಲೆಯೊಳಗೂ ಎರಡೇ ಇರಬೇಕಲ್ಲವೇ? ಎಲ್ಲವೂ ಸರಿಯಿದ್ದಾಗ ಗೊತ್ತೇ ಆಗುವುದಿಲ್ಲ, ಅಷ್ಟೇ. ಪೈಪಿನ ನೀರು ಗೇಟಿನ ಕೆಳಗಿಂದ ರಸ್ತೆಗೆ ಹರಿದುಹೋಗುತ್ತಿತ್ತು. ನಾನು ಒದ್ದೆ ಮೆಟ್ಟಿಲ ಮೇಲೆ ಅಕ್ಕನ ಪಕ್ಕ ಕೂತುಬಿಟ್ಟೆ.

ಎಸ್.ಎಸ್. ಬಡಾವಣೆಯ ಆ ಹೆಣ್ಣುಮಗಳಿಗೆ ಹೇಳಿದಾಗ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ಇಂಥದ್ದನ್ನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ ಎಂದಳು. ಬೀಗದ ಕಾರ್ಡು ತೆಗೆದಳು. ಅಕ್ಕನಿಗೆ ಹೆಸರು ಬರಲಿಲ್ಲ. ಬಾಗಿಲಿಗೆ ಬೀಗ ಹಾಕುತ್ತಿರುವವನ ಚಿತ್ರ ತೋರಿಸಿದಳು. "ಹಿ ಈಸ್ ಲಾಕಿಂಗ್ ಇಟ್" ಎಂದಳು ಅಕ್ಕ ಸಲೀಸಾಗಿ. ಕನ್ನಡದಲ್ಲೂ ಹೀಗೇ ಆಗುತ್ತದೆಯೇ ಎಂದು ನಾನು ಮನೆಯಲ್ಲಿ ನೋಡಿದೆ. ಹಾಡು ಎನ್ನುವ ಪದ ನಮ್ಮಲ್ಲೂ ಎರಡು ಕೆಲಸ ಮಾಡುತ್ತದಲ್ಲ. ಟ್ಯೂಷನ್ನಿನ ಹುಡುಗಿಯೊಬ್ಬಳಿಗೆ ಅಕ್ಕ "ಹಾಡು, ಚೆನ್ನಾಗಿ ಹಾಡು" ಎಂದಳು. ಹುಡುಗಿ ಹಾಡಿ ಮುಗಿಸಿದ ಮೇಲೆ, "ಅವಳು ಈಗ ಹೇಳಿದ್ದು ಏನು ಅಕ್ಕಾ?" ಎಂದೆ. ಅಕ್ಕ ಕೈ ಬಿಡಿಸಿ ಗಾಳಿಯಲ್ಲಿ ತೇಲಿಸಿದಳು, ಹೆಸರು ಬರಲಿಲ್ಲ.

ನನಗೆ ಆ ದಿನಗಳಲ್ಲಿ ಪಾಠ ಮಾಡುವುದೇ ಬೇರೆ ಥರ ಆಗಿಹೋಯಿತು. ಬೋರ್ಡಿನ ಮೇಲೆ 'ನಾಮಪದ' ಎಂದು ಬರೆಯುವಾಗ ಕೈ ಕೊಂಚ ತಡೆಯುತ್ತಿತ್ತು. ದೇವರ ಮನೆಯ ಹೊಸ್ತಿಲು ದಾಟುವಾಗ ಕಾಲು ತಡೆಯುತ್ತದಲ್ಲ, ಹಾಗೆ. ಮಕ್ಕಳು ಎಂದಿನಂತೆ ತಪ್ಪು ಹೇಳುತ್ತಿದ್ದರು, ಕಿತ್ತಾಡುತ್ತಿದ್ದರು. ನಾನು ಅವರ ಪುಟ್ಟ ತಲೆಗಳನ್ನು ನೋಡುತ್ತಿದ್ದೆ. ಪರೀಕ್ಷೆಯಲ್ಲಿ ನಾಮಪದ, ಕ್ರಿಯಾಪದ ಗುರುತಿಸಲು ತಡಕಾಡುವ ಈ ಮಕ್ಕಳು, ತಮಗೇ ತಿಳಿಯದಂತೆ, ಹುಟ್ಟಿದಂದಿನಿಂದ ಅವನ್ನು ಬೇರ್ಪಡಿಸುತ್ತಲೇ ಬಂದಿದ್ದಾರೆ ಎನ್ನಿಸುತ್ತಿತ್ತು.

ಒಂದು ಸಂಜೆ ಕ್ರಿಯಾಪದದ ಬಾಲಕ್ಕೆ 'ಅರ್' ಸೇರಿಸಿ ನಾಮಪದ ಮಾಡುವುದನ್ನು ಹೇಳಿಕೊಡುತ್ತಿದ್ದೆ. ಸಿಂಗ್, ಸಿಂಗರ್. ಪೇಂಟ್, ಪೇಂಟರ್. ಡ್ರೈವ್, ಡ್ರೈವರ್. ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು. ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ತುಟಿಯೂ ಅಲುಗುತ್ತಿತ್ತು, ನಾನು ಅಷ್ಟಾಗಿ ಗಮನಿಸಲಿಲ್ಲ. ಮಕ್ಕಳೆಲ್ಲ ಹೋದರು. ನಾನು ಚಾಪೆ ಸುತ್ತುತ್ತಿದ್ದೆ. ಹಿಂದಿನಿಂದ ಕುರ್ಚಿಯ ಕೈ ಬಡಿಯುವ ಸದ್ದು ಕೇಳಿತು.

"ಟೀಚ್" ಎಂದಳು ಅಕ್ಕ. ಕುರ್ಚಿಯ ಕೈ ಬಡಿದಳು. "ಟೀಚ್..." ಮತ್ತೆ ಬಡಿದಳು. "ಟೀಚ್... ಅರ್."

ನಾನು ಚಾಪೆ ಹಿಡಿದವಳು ಹಾಗೇ ನಿಂತೆ. ಸಹಾಯ ಮಾಡಬಾರದು, ಅವಳೇ ಹೇಳಬೇಕು ಎಂದು ಚಿಕಿತ್ಸೆಯವಳು ಹೇಳಿದ್ದಳು.

"ಟೀಚರ್" ಎಂದಳು ಅಕ್ಕ. ಎದೆಯ ಮೇಲೆ ಕೈಯಿಟ್ಟುಕೊಂಡಳು. "ಐ ವಾಸ್ ಎ ಟೀಚರ್." ಆಮೇಲೆ ಜೋರಾಗಿ ನಕ್ಕಳು. ಅತ್ತದ್ದು ನಾನು.

ಹರಿಹರಕ್ಕೆ ಫೋನು ಮಾಡಿ ಅವಳ ಕಿವಿಗೆ ಹಿಡಿದೆ. ಆ ಕಡೆಯಿಂದ ಭಾವ ಹಲೋ ಎಂದದ್ದು ನನಗೂ ಕೇಳಿಸಿತು.

"ಟೀಚರ್ ಮಾತಾಡ್ತಿದೀನ್ರಿ" ಎಂದಳು ಅಕ್ಕ.

ಭಾವನ ದನಿ, "ಯಾವ ಟೀಚರ್ರವ್ವ? ನಾನು ಹೋಂವರ್ಕ್ ಮಾಡಿಲ್ಲಲ್ಲ!" ಎಂದಿತು.

ಅಂದಿನಿಂದ ಅಕ್ಕ ತನಗೆ ತಾನೇ ಪಾಠ ಮಾಡಿಕೊಳ್ಳತೊಡಗಿದಳು. ಇದ್ದ ಕ್ರಿಯಾಪದದ ಕೈಹಿಡಿದುಕೊಂಡು ಹೋಗಿ ಪಕ್ಕದ ನಾಮಪದದ ಬಾಗಿಲು ತಟ್ಟುವುದು. ಆಡು, ಆಟ. ಓಡು, ಓಟ. ನೋಡು, ನೋಟ. ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತು, "ಉಣ್ಣು, ಉಣ್ಣು..." ಎಂದು ಗುನುಗುತ್ತಿದ್ದವಳು "ಊಟ!" ಎಂದು ಕೂಗಿದಳು. ನನ್ನ ಗಂಡ ಬಡಿಸುತ್ತಿದ್ದ ಸೌಟು ಬಿಟ್ಟರು. ಕನ್ನಡ ಇಷ್ಟು ಸಣ್ಣ ತಿರುವಿನಲ್ಲಿ ಕೆಲಸವನ್ನು ಹೆಸರು ಮಾಡುತ್ತದೆಂದು, ಅದನ್ನೇ ಆಡಿಕೊಂಡು ಬೆಳೆದ ನನಗೆ ಅಂದಿನವರೆಗೆ ಹೊಳೆದಿರಲಿಲ್ಲ. ಹೀಗೆ ಹಿಡಿದುಕೊಂಡು ಹೋಗಲು ಯಾವ ಕ್ರಿಯಾಪದದ ಕೈಯೂ ಇಲ್ಲದ ಪದಗಳೂ ಇದ್ದವು. ಕಲ್ಲು, ಬೆಕ್ಕು, ಆಕಾಶ. ಅವು ಯಾವ ಉಪಾಯಕ್ಕೂ ಬಗ್ಗದೆ, ತಮಗೆ ಮನಸ್ಸು ಬಂದಾಗ ಒಂದೊಂದಾಗಿ ಬಂದವು. ಕೆಲವು ಬರಲೇ ಇಲ್ಲ. ಜನರ ಹೆಸರುಗಳು ಎಲ್ಲಕ್ಕಿಂತ ಹಿಂದೆ ಬಿದ್ದವು.

ಬೇಸಿಗೆಗೆ ಮೊದಲು ಅಕ್ಕ ಹರಿಹರಕ್ಕೆ ವಾಪಸಾದಳು. ಅವಳನ್ನು ಬಿಡಲು ಹೋದಾಗ ಒಂದು ವಾರ ನಾನೂ ಅಲ್ಲೇ ಉಳಿದಿದ್ದೆ. ಸುದ್ದಿ ತಿಳಿದು ಭಾನುವಳ್ಳಿಯಿಂದ ಒಬ್ಬಾಕೆ ನೋಡಲು ಬಂದಳು. ಈಗ ಅಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ಒಂದು ಕಾಲಕ್ಕೆ ಅಕ್ಕನ ವಿದ್ಯಾರ್ಥಿನಿ. ಒಳಗೆ ಬಂದವಳೇ ಅಕ್ಕನ ಕಾಲು ಮುಟ್ಟಿ, "ನನ್ನ ಗುರುತು ಸಿಕ್ತೇನ್ರಿ ಟೀಚರ್?" ಎಂದಳು.

ಇಂಥ ಪ್ರಶ್ನೆ ಬಂದಾಗ ಅಕ್ಕ ತಲೆತಗ್ಗಿಸುವುದನ್ನು ನಾನು ನೋಡಿದ್ದೆ. ಬೇಗನೆ ಅಡ್ಡಬಂದು ಹೆಸರು ಕೇಳೋಣವೆಂದುಕೊಂಡೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದಳು. ಆಕೆಯ ಮುಖವನ್ನೇ ದಿಟ್ಟಿಸಿದಳು.

"ಜಿಗೀತಿದ್ದಿ ನೀನು. ಅದು ಹರೀತಿತ್ತಲ್ಲ... ದೊಡ್ಡದು, ಕೆಂಪಗೆ ಹರೀತಿತ್ತು... ಅದನ್ನ ಜಿಗೀತಿದ್ದಿ. ಬೈದೆ. ಅತ್ತಿ. ಮರುದಿನ ಮತ್ತೆ ಜಿಗಿದಿ."

ಆಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ನೀರಿನ ಚಾನೆಲ್ ಜಿಗೀತಿದ್ದೆ ರೀ! ಸಾಲಿಗೆ ಹೊತ್ತಾಗ್ತೈತಿ ಅಂತ ಸುತ್ತಾಕ್ಕೊಂಡು ಬರದಂಗೆ ಜಿಗಿದು ಬರ್ತಿದ್ದೆ. ನಮ್ಮವ್ವಗೂ ಗೊತ್ತಿರಲಿಲ್ಲ ಅದು. ಹೆಸರು ನೆನಪಿಲ್ದಿದ್ರೆ ಇಲ್ಲ ಬಿಡ್ರಿ ಟೀಚರ್. ನನಗೆ ಇಷ್ಟು ಸಾಕು." ಅವಳು ಅಕ್ಕನ ಮಂಡಿಗೆ ಹಣೆ ಹಚ್ಚಿ ಕೂತುಬಿಟ್ಟಳು. ಅಕ್ಕ ಅವಳ ತಲೆ ಸವರುತ್ತ, "ಮತ್ತ ಈಗ? ಜಿಗೀತೀಯೋ ಇಲ್ಲೋ?" ಎಂದು ಕೇಳಿದಳು.

ಅವಳು ಹೋದ ಮೇಲೆ ಸಂಜೆ ನಾವಿಬ್ಬರೂ ಹೊಳೆಯ ಕಡೆ ನಡೆದುಕೊಂಡು ಹೋದೆವು. ಅಕ್ಕ ಈಗ ಚೆನ್ನಾಗಿ ನಡೆಯುತ್ತಾಳೆ, ನನಗೇ ಏದುಸಿರು. ಓಣಿಯ ಹೆಣ್ಣುಮಕ್ಕಳು ಕೆಲವರು ಗ್ರಾಮರ್ ಹೇಳಿಸಿಕೊಳ್ಳಲು ಬರುತ್ತೇವೆಂದು ಕೇಳಿದ್ದಾರೆ ಎಂದಳು. ಪಾಠದ ನಡುವೆ ಪದ ಸಿಗದೆ ಹೋದರೆ ಏನು ಮಾಡುತ್ತೀ ಎಂದೆ. "ನಿಲ್ತೀನಿ. ಅವರೇ ಹೇಳ್ತಾರೆ. ಅವರಿಗೂ ಕಲ್ತಂಗೆ ಆಗ್ತೈತೆ" ಎಂದಳು. ಈಗ ಅದೇ ನಡೆದಿದೆ. ಅಕ್ಕ ವಾಕ್ಯ ಶುರುಮಾಡಿ ನಾಮಪದದ ಹತ್ತಿರ ಬಂದು ನಿಲ್ಲುತ್ತಾಳೆ, ಹುಡುಗಿಯರು ತಾ ಮುಂದು ನಾ ಮುಂದು ಎಂದು ತುಂಬುತ್ತಾರೆ. ತಪ್ಪು ನಾಮಪದ ಹೇಳಿದರೆ ಅಕ್ಕನಿಗೆ ತಕ್ಷಣ ಗೊತ್ತಾಗುತ್ತದೆ. ಸರಿಯಾದದ್ದು ತನ್ನ ಬಾಯಿಗೆ ಬರದಿದ್ದರೂ ಗೊತ್ತಾಗುತ್ತದೆ.

ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಕೂತಾಗ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಅಕ್ಕಾ, ಒಂದೂ ಹೆಸರು ಇರಲಿಲ್ಲಲ್ಲ, ಆಸ್ಪತ್ರೆಯಾಗ. ಆವಾಗ ನಿನಗೆ ಹೆಂಗೆ ಕಾಣ್ತಿತ್ತು ಎಲ್ಲಾ?"

ಸೇತುವೆಯ ಮೇಲೆ ವಾಹನಗಳು ಹೋಗುತ್ತಿದ್ದವು. ಕೆಳಗೆ ಹೆಂಗಸೊಬ್ಬಳು ಕೊಡ ತೊಳೆಯುತ್ತಿದ್ದಳು.

"ಮೊದಲು ಹೆದರಿಕೆ ಆತು" ಎಂದಳು. "ಆಮೇಲೆ... ಹೆಂಗ ಹೇಳಲಿ? ಎಲ್ಲಾ ನಡೀತಿತ್ತು ಕಣೇ. ಕಿಟಕಿಯಾಚೆ ಒಂದು ಮರ ಇತ್ತಲ್ಲ, ಈಗ ಮರ ಅಂತೀನಿ. ಆವಾಗ ಮರ ಅಂತ ಇರಲಿಲ್ಲ. ಅಲ್ಲಿ ಅಲುಗಾಡ್ತಿತ್ತು, ಉದುರ್ತಿತ್ತು, ಚಿಗುರ್ತಿತ್ತು. ಅಷ್ಟೇ. ನೀನು ಅಂತ ಇರಲಿಲ್ಲ. ಬರ್ತಿದ್ದಿ, ಮುಟ್ತಿದ್ದಿ, ಅಳ್ತಿದ್ದಿ. ನಾನು ಅಂತನೂ ಇರಲಿಲ್ಲ. ಉಸಿರಾಡ್ತಿತ್ತು." ಸ್ವಲ್ಪ ತಡೆದು ಹೇಳಿದಳು, "ಯಾವುದೂ ನಿಂತೇ ಇರಲಿಲ್ಲ ನೋಡು. ಹೆಸರು ಇಟ್ಟ ಮೇಲೇ ಅವು ನಿಲ್ಲೋದು."

ನಾವು ಹಾಗೇ ಕೂತಿದ್ದೆವು. ಎದುರಿಗೆ ಹರಿಯುತ್ತಿತ್ತು, ಹೊಳೆಯುತ್ತಿತ್ತು, ತಿರುಗುತ್ತಿತ್ತು. ನಾನು ಅದರ ಹೆಸರನ್ನು ಮನಸ್ಸಿನಲ್ಲೂ ಹೇಳಿಕೊಳ್ಳದೆ, ಸ್ವಲ್ಪ ಹೊತ್ತು ಸುಮ್ಮನೆ ನೋಡಲು ಪ್ರಯತ್ನಿಸಿದೆ.